ಗಂಟೆಯ ಹಗ್ಗ

12 ಜನವರಿ 2026, ಸೋಮವಾರ. ಬೀದರ

ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಮನೆಯ ಮುಂದೆ ಹಳದಿ ಬಣ್ಣದ ಶಾಲಾ ಬಸ್ಸೊಂದು ಬಂದು ನಿಂತಿತು. ಈ ಮನೆಯಲ್ಲಿ ಶಾಲೆಗೆ ಹೋಗುವವರು ಯಾರೂ ಇಲ್ಲ. ನನಗೆ ಅರವತ್ತೊಂದು. ಮಗಳು ಪೂನಮ ಭಾಲ್ಕಿಯಲ್ಲಿ ಶಿಕ್ಷಕಿ, ಅವಳು ಕಾರಿನಲ್ಲಿ ಹೋಗುತ್ತಾಳೆ. ಚಾಲಕನ ಬಾಗಿಲಿನಿಂದ ಇಳಿದವರು ನನ್ನ ಗಂಡ ಉತ್ತಮ, ವಯಸ್ಸು ಅರವತ್ತನಾಲ್ಕು.

"ನೋಡು, ಮನಿ ತಂದೀನಿ" ಎಂದರು.

"ಮನಿ ಅದ ನಮಗ."

"ಅದಕ್ಕ ಗಾಲಿ ಇಲ್ಲಲ್ಲ."

ಮುಚ್ಚಿಹೋದ ಯಾವುದೋ ಖಾಸಗಿ ಶಾಲೆಯ ಬಸ್ಸಂತೆ. ಹಿಂಭಾಗದಲ್ಲಿ 'ನಿಧಾನ, ಮಕ್ಕಳಿದ್ದಾರೆ' ಎಂದು ಬರೆದಿದೆ. ಇದರ ಸೀಟು ಕಿತ್ತು, ಮಂಚ ಹಾಕಿ, ಒಲೆ ಇಟ್ಟು, ನಾವಿಬ್ಬರು ಮತ್ತು ಸಂತಪುರದಲ್ಲಿರುವ ಇವರ ಅಕ್ಕ ಕೇಶರಬಾಯಿ, ಮೂವರೂ ಬುದ್ಧಗಯೆಗೆ ಹೋಗುವುದು ಯೋಜನೆ. ಹೊರಡುವ ದಿನವೂ ನಿಗದಿಯಾಗಿದೆ, ಫೆಬ್ರವರಿ 22, ಭಾನುವಾರ. ನನ್ನನ್ನು ಕೇಳಲಿಲ್ಲ, ತಿಳಿಸಲಾಯಿತು.

ಕೇಶರಬಾಯಿಗೆ ಎಪ್ಪತ್ತೆರಡು. ಆ ಬೋಧಿವೃಕ್ಷವನ್ನು ನೋಡಬೇಕೆಂದು ಮೂವತ್ತು ವರ್ಷದಿಂದ ಹೇಳುತ್ತಿದ್ದಾಳೆ. ಆದರೆ ರೈಲು ಹತ್ತುವುದಿಲ್ಲ. "ರೈಲು ನಾವು ನಿಂದ್ರು ಅಂದಲ್ಲಿ ನಿಂದ್ರಲ್ಲ" ಎಂಬುದು ಅವಳ ಆಕ್ಷೇಪ.

ನನ್ನ ಗಂಡ, ಸಾರಿಗೆ ಸಂಸ್ಥೆಯ ಈ ನಿವೃತ್ತ ಚಾಲಕರು, ಮೂವತ್ತೊಂದು ವರ್ಷ ಬಸ್ಸು ಓಡಿಸಿ, ನಾಲ್ಕು ವರ್ಷದ ಹಿಂದೆ ಕೊರಳಿಗೆ ಹಾರ ಹಾಕಿಸಿಕೊಂಡು ಮನೆಗೆ ಬಂದರು. ಇಷ್ಟು ದಿನ ಸುಮ್ಮನಿದ್ದರು. ಅದನ್ನು ನಾನು ನೆಮ್ಮದಿ ಎಂದು ತಿಳಿದಿದ್ದೆ.

ಸಂಜೆ ಅಳಿಯ ಸ್ವಪ್ನಿಲನ ಫೋನು. "ಮಾಮಾ, ದಿನಕ್ಕ ಐದನೂರು ಕಿಲೋಮೀಟರ್ ಎಳೀರಿ. ಮೂರು ದಿನದಾಗ ಗಯಾ!" ಇವನು ಎರಡು ದಿನದಲ್ಲಿ ಗೋವಾಕ್ಕೆ ಹೋಗಿ ಬಂದವನು. ಗೋವಾದಲ್ಲಿ ಏನು ನೋಡಿದೆ ಎಂದು ಕೇಳಿದಾಗ ಕಾರು ನಿಲ್ಲಿಸುವ ಜಾಗ ಎಷ್ಟು ಕಷ್ಟ ಎಂದು ಅರ್ಧ ತಾಸು ವಿವರಿಸಿದ್ದ.

15 ಜನವರಿ, ಗುರುವಾರ

ನೌಬಾದಿನಲ್ಲಿ ಯಾಕೂಬನ ಅಂಗಳಕ್ಕೆ ಹೋಗಿದ್ದೆವು. ಲಾರಿಗಳಿಗೆ ಮೈ ಕಟ್ಟುವ ಮಿಸ್ತ್ರಿ. ಬಸ್ಸಿನ ಸೀಟುಗಳು ಹೊರಗೆ ಸಾಲಾಗಿ ಬಿದ್ದಿದ್ದವು, ಪಾಠ ಬಿಟ್ಟ ತರಗತಿಯ ಹಾಗೆ. ಒಳಗೆ ಮೂರು ಮಂಚ, ಒಂದು ಒಲೆ ಕಟ್ಟೆ. ಹಿಂದೆ ತಗಡಿನ ಪೆಟ್ಟಿಗೆಯಂಥ ಒಂದು ಶೌಚಾಲಯ. ಅದರಲ್ಲಿ ಕೂತವರು ತಿರುಗುವ ಹಾಗಿಲ್ಲ.

ನಾನು ಕೇಳಿದ್ದು ಒಂದೇ. ಪುಸ್ತಕಕ್ಕೆ ಒಂದು ಹಲಗೆ, ಒಂಬತ್ತು ಇಂಚು ಎತ್ತರ, ಮುಂದೆ ಬೀಳದಂತೆ ಒಂದು ಪಟ್ಟಿ.

"ಮಸಾಲಿ ಡಬ್ಬಿ ಇಡಲಿಕ್ಕ ಏನ್ರಿ ಭಾಬಿ?"

"ಪುಸ್ತಕಕ್ಕ."

"ಚಲೋ ಆಯ್ತು. ಗಾಡಿ ಕೆಟ್ಟು ನಿಂತಲ್ಲಿ ಓದ್ಕೋತ ಕೂಡ್ರಿ" ಎಂದ ಯಾಕೂಬ, ಗಾಡಿ ಕೆಡುವುದು ಅವನ ಕೆಲಸದ ಬಗ್ಗೆ ದೂರಲ್ಲ ಎಂಬಂತೆ.

ನಿವೃತ್ತ ಚಾಲಕರು ಕೇಳಿದ್ದು ಗಂಟೆ. ಹಳೆಯ ಬಸ್ಸುಗಳಲ್ಲಿ ಕಂಡಕ್ಟರ್ ಎಳೆಯುತ್ತಿದ್ದಂಥದು. ಚಾಲಕನ ತಲೆಯ ಮೇಲೆ ಹಿತ್ತಾಳೆಯ ಗಂಟೆ, ಅಲ್ಲಿಂದ ಚಾವಣಿಯ ಉದ್ದಕ್ಕೂ ಹಿಂದಿನ ಬಾಗಿಲಿನವರೆಗೆ ಹಗ್ಗ. ಒಂದು ಸಲ ಎಳೆದರೆ ನಿಲ್ಲು, ಎರಡು ಸಲ ಎಳೆದರೆ ಹೊರಡು.

"ಇದು ಯಾರು ಎಳಿಯೋದು?" ಎಂದೆ.

"ನೀನು."

"ನಾ ಯಾಕ ಎಳೀಲಿ? ನಿಮಗ ನಿಲ್ಲಬೇಕನ್ಸಿದಲ್ಲಿ ನಿಲ್ರಿ."

"ಮೂವತ್ತೊಂದು ವರ್ಷ ಎರಡು ಗಂಟಿ ಬೀಳೂತನ ಗಾಲಿ ಹಂದಿಸಿಲ್ಲ ನಾ. ಒಂದು ಗಂಟಿ ಬಿತ್ತಂದ್ರ ಮುಂದ ಒಂದು ಮಾರು ಹೋಗಿಲ್ಲ. ಇನ್ನ ಈಗ ಹೊಸಾದು ಕಲೀಲೇನು?"

ಯಾಕೂಬ ನಕ್ಕ. ಇವರು ನಗಲಿಲ್ಲ. ಅಂದರೆ ಇದು ವಿನೋದವಲ್ಲ, ತತ್ವ.

19 ಜನವರಿ, ಸೋಮವಾರ

ಪಟ್ಟಿ ಬಂದಿದೆ. ಡಿಪೋದ ನಮೂನೆಯಲ್ಲೇ ಗೆರೆ ಎಳೆದು ಬರೆದ ಪಟ್ಟಿ. ಬಿಡುವ ವೇಳೆ, ಮುಟ್ಟುವ ವೇಳೆ, ಕಿ.ಮೀ., ಚಾಲಕ, ಕಂಡಕ್ಟರ್. ಮೊದಲ ದಿನ ಬೆಳಿಗ್ಗೆ ಆರೂವರೆಗೆ ಬೀದರ ಬಿಟ್ಟು ಭಾಲ್ಕಿ, ಉದಗೀರ, ನಾಂದೇಡ ದಾಟಿ ಸಂಜೆ ಯವತಮಾಳ, 340. ಎರಡನೆಯ ದಿನ 360. ಒಟ್ಟು ನಾಲ್ಕು ದಿನ ಮತ್ತು ಒಂದು ಮುಂಜಾನೆ. ಊಟಕ್ಕೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಒಲೆ ಹಚ್ಚಿ, ಅಡುಗೆ ಮಾಡಿ, ಉಂಡು, ಪಾತ್ರೆ ತೊಳೆಯಬೇಕು. ಕಂಡಕ್ಟರ್ ಅಂಕಣ ಖಾಲಿ ಬಿಟ್ಟಿದ್ದಾರೆ. ಇದು ಸೂಕ್ಷ್ಮ ಸೂಚನೆ ಎಂದುಕೊಂಡಿದ್ದಾರೆ.

"ಮೂರನೂರ ಐವತ್ತು ಯಾಕ?" ಎಂದು ಕೇಳಿದೆ.

"ಅದು ಡ್ಯೂಟಿ."

"ಯಾರ ಡ್ಯೂಟಿ? ಡಿಪೋ ಇಲ್ಲ, ಪ್ರಯಾಣಿಕರಿಲ್ಲ."

"ಮತ್ತ ಎಷ್ಟು ಹೊಡೀಬೇಕಂತ ಹ್ಯಾಂಗ ತಿಳೀತದ?"

ಪ್ರಶ್ನೆ ಮೂರ್ಖತನದ್ದಲ್ಲ. ಕೇಳಿದ ರೀತಿ ಮಾತ್ರ ಹಾಗಿತ್ತು.

ನಾನು ಇಪ್ಪತ್ತಾರು ವರ್ಷ ಭಾಲ್ಕಿಯ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿದ್ದೆ. ದಿನವೂ ಬೀದರಿನಿಂದ ಬಸ್ಸಿನಲ್ಲಿ ಹೋಗಿ ಬಂದೆ. ಬೀದರಿನಿಂದ ಭಾಲ್ಕಿಗೆ ಮೂವತ್ತನಾಲ್ಕು ಪುಟ. ಅನುವಾದ ಕೆಟ್ಟದಾಗಿದ್ದರೆ ಇಪ್ಪತ್ತು. ಚಳಿದೇಶಗಳಿಂದ ಬಂದ ಹಳೆಯ ಕಾದಂಬರಿಗಳಲ್ಲಿ ಜನ ತಿಂಗಳುಗಟ್ಟಲೆ ಪ್ರಯಾಣ ಮಾಡುತ್ತಾರೆ. ಅಲ್ಲಿ ದಿನಕ್ಕೆ ಎಷ್ಟು ದೂರ ಎಂಬುದನ್ನು ಯಜಮಾನ ನಿರ್ಧರಿಸುವುದಿಲ್ಲ, ಪಟ್ಟಿ ನಿರ್ಧರಿಸುವುದಿಲ್ಲ. ಕುದುರೆಯ ಕಾಲು ನೋಡಿ ನಿಲ್ಲುತ್ತಾರೆ. ನಿಂತಲ್ಲಿ ಚಹಾ ಕುಡಿದು ಅಂಚೆಮನೆಯವನನ್ನು ಬೈಯುತ್ತಾರೆ. ಇದನ್ನು ಇವರಿಗೆ ಹೇಳಿದೆ.

"ನನ್ನ ಗಾಡಿ ಡೀಸಲ್ದು" ಎಂದರು.

25 ಜನವರಿ, ಭಾನುವಾರ

ಮೊದಲ ಪರೀಕ್ಷೆ. ಭಾಲ್ಕಿಗೆ ಹೋಗಿ ಪೂನಮಳ ಮನೆಯಲ್ಲಿ ಊಟ, ಸಂಜೆ ವಾಪಸು.

ಎಂಟು ಗಂಟೆಗೆ ಇಂಜಿನ್ ಶುರುವಾಯಿತು. ನಾನು ಮಂಚದ ಮೇಲೆ ಕೂತು ಪುಸ್ತಕ ತೆರೆದೆ. ಬಸ್ಸು ಹೊರಡಲಿಲ್ಲ. ಇವರು ಚಕ್ರ ಹಿಡಿದು ನೆಟ್ಟಗೆ ಮುಂದೆ ನೋಡುತ್ತ ಕೂತರು. ಹಗ್ಗ ನನ್ನ ತಲೆಯ ಮೇಲೆಯೇ ಇತ್ತು, ನಾನು ಎಳೆಯಲಿಲ್ಲ. ಹನ್ನೊಂದು ಪುಟ ಓದಿದೆ. ಓಣಿಯೆಲ್ಲ ಹೊಗೆ ತುಂಬಿತು. ಪಕ್ಕದ ಮನೆಯ ವಹೀದಾ ಕೆಮ್ಮುತ್ತ ಬಂದಳು.

"ಯಾಕ್ರೀ ವಿಶಾಖಾಬಾಯಿ, ಗಾಡಿ ಕೆಟ್ಟದೇನು?"

"ಗಾಡಿ ಬರೋಬ್ಬರಿ ಅದ. ಗಂಟಿ ಹೊಡೀಬೇಕಂತ."

"ಇಷ್ಟೇ?" ಎಂದು ಒಳಗೆ ಹತ್ತಿ ಎರಡು ಸಲ ಎಳೆದು ಇಳಿದಳು. ಬಸ್ಸು ತಕ್ಷಣ ಹೊರಟಿತು. ಅರವತ್ತನಾಲ್ಕು ವರ್ಷದ ಮನುಷ್ಯ.

ಪೂನಮಳ ಮನೆ ಭಾಲ್ಕಿ ಬಸ್ ನಿಲ್ದಾಣಕ್ಕಿಂತ ಮೊದಲೇ ಎಡಕ್ಕೆ. ನಾನು ಹೊರಟ ಮೇಲಿನ ಮೂವತ್ತೊಂದನೆಯ ಪುಟದಲ್ಲಿದ್ದೆ. ಇದ್ದಕ್ಕಿದ್ದಂತೆ ಪುಟದ ಮೇಲೆ ನೆರಳು ಬಿತ್ತು. ಮುಂದಿನ ಗಾಲಿ ಯಾವುದಕ್ಕೋ ಢಿಕ್ಕಿ ಹೊಡೆದು ಪಾತ್ರೆಗಳೆಲ್ಲ ಕೆಳಗೆ ಬಿದ್ದವು. ನೋಡಿದರೆ ಬಸ್ ನಿಲ್ದಾಣದೊಳಗೆ, ಬೀದರ ಬಸ್ಸು ನಿಲ್ಲುವ ಕಟ್ಟೆಯ ಅಂಚಿಗೆ ಬಂದು ನಿಂತಿದ್ದೇವೆ. ಒಂದು ನಿಮಿಷದಲ್ಲಿ ಏಳು ಜನ ಹತ್ತಿದರು. ಒಬ್ಬ ಮುದುಕಿ ನನ್ನ ಮಂಚದ ಮೇಲೆ ಕೂತು, ಬದನೆಕಾಯಿ ಚೀಲವನ್ನು ನನ್ನ ಪುಸ್ತಕದ ಮೇಲೆ ಇಟ್ಟಳು.

"ಇಳೀರಿ, ಇದು ಬಸ್ಸಲ್ಲ" ಎಂದೆ.

"ಬಸ್ಸಲ್ಲಂದ್ರ ಮತ್ತೇನು?"

"ಮನಿ."

"ಮನಿ ಬಸ್ಟ್ಯಾಂಡಿನ್ಯಾಗ ಯಾಕ ತಂದೀರಿ?"

ಮುದುಕಿ ಒಲೆ ನೋಡಿ, ಮಂಚ ನೋಡಿ, ಚೀಲ ಎತ್ತಿಕೊಂಡು, "ಹಲಬರ್ಗಾ ತನಕಾದ್ರೂ ಬಿಡ್ತೀರಿ ಏನ್ರಿ?" ಎಂದಳು.

ಎಲ್ಲರೂ ಇಳಿದ ಮೇಲೆ ಇವರು ತಿರುಗಿ ನನಗೇ ಬೈದರು. "ಗಂಟಿ ಯಾಕ ಹೊಡೀಲಿಲ್ಲ?"

"ಮಗಳ ಮನಿ ಎಲ್ಲದಂತ ನಿಮಗ ಗೊತ್ತಿಲ್ಲೇನು?"

"ಗೊತ್ತದ. ನಿಲ್ಲಬೇಕಂತ ಗೊತ್ತಾಗಲಿಲ್ಲ."

ಕಟ್ಟೆಗೆ ಢಿಕ್ಕಿ ಹೊಡೆದದ್ದು ಬ್ರೇಕಿನ ತಪ್ಪಂತೆ. "ಪೆಡಲ್ ತಿಳಿವಲ್ದು. ಯಾಕೂಬಗ ಹೇಳಿ ಅದರ ಮ್ಯಾಲ ದಪ್ಪ ರಬ್ಬರ್ ಹಚ್ಚಸ್ತೇನಿ." ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಗಾದೆ ಹಳೆಯದು, ಇವರಿಗಾಗಿಯೇ ಕಾದಿತ್ತು.

ಸ್ವಪ್ನಿಲ ಇದನ್ನು ಕೇಳಿ ನಕ್ಕು ನಕ್ಕು ನೀರು ಕುಡಿದ. ನಂತರ ಐದನೂರು ಕಿಲೋಮೀಟರಿನ ಉಪದೇಶವನ್ನು ಮತ್ತೆ ಮಾಡಿದ. ವಾಪಸು ಬರುವಾಗ ಪೂನಮ ಎರಡು ಗಂಟೆ ಹೊಡೆದು ಕಳಿಸಿದಳು.

29 ಜನವರಿ, ಗುರುವಾರ

ಯಾಕೂಬ ಬಸ್ಸು ತಂದುಬಿಟ್ಟ. ಇವರು ಮನೆಯಲ್ಲಿರಲಿಲ್ಲ.

"ಭಾಬಿ, ಬ್ರೇಕ್ ಏಕದಂ ಠೀಕ್ ಅದ. ನಾ ಮೂರು ಸಲ ನೋಡೀನಿ. ಸಾಬ್ ಕೇಳ್ದಂಗ ಪೆಡಲಿಗಿ ಲಾರಿ ಟೈರಿನ ರಬ್ಬರ್ ಹಚ್ಚೀನಿ. ಇಷ್ಟು ದಪ್ಪ ಯಾರೂ ಹಚ್ಚಸಲ್ಲ."

ಅವರಿಗೆ ಎಲ್ಲವೂ ದಪ್ಪವೇ ಬೇಕು ಎಂದೆ.

ಅವನು ಹೋಗಲಿಲ್ಲ. ಕೈ ಒರೆಸುವ ಬಟ್ಟೆಯಿಂದ ಆಗಲೇ ಶುಚಿಯಾಗಿದ್ದ ಕೈಯನ್ನು ಒರೆಸುತ್ತ, "ಸಾಬ್‌ಗ ಶುಗರ್ ಎಷ್ಟು ವರ್ಷದ್ದು?" ಎಂದ.

"ಹದಿನಾರು. ಯಾಕ?"

"ಸುಮ್ನ. ನಮ್ಮ ಅಮ್ಮೀಗೂ ಇತ್ತು."

ಈ ಊರಿನಲ್ಲಿ ಎಲ್ಲರೂ ವೈದ್ಯರು. ಬ್ರೇಕು ಸರಿಯಿದೆ ಎಂದು ಹೇಳಲು ಬಂದವನು ಸಕ್ಕರೆಯವರೆಗೆ ಹೋದ.

1 ಫೆಬ್ರವರಿ, ಭಾನುವಾರ

ಎರಡನೆಯ ಪರೀಕ್ಷೆ. ಬೀದರ, ಭಾಲ್ಕಿ, ಕಮಲನಗರ, ಔರಾದ, ಸಂತಪುರ, ಮತ್ತೆ ಬೀದರ. ಈ ಸಲ ಓಣಿಗೆ ಹೊಗೆ ತುಂಬುವುದು ಬೇಡವೆಂದು ಎರಡು ಗಂಟೆ ನಾನೇ ಹೊಡೆದೆ. ಅದಕ್ಕೆ ಬೇರೆ ಅರ್ಥ ಇಲ್ಲ.

ಇವರು ಗಾಡಿ ಓಡಿಸುವಾಗ ಗುನುಗುತ್ತಾರೆಂದು ನನಗೆ ಗೊತ್ತಿರಲಿಲ್ಲ. ಮೂವತ್ತೈದು ವರ್ಷದ ಸಂಸಾರದಲ್ಲಿ ಇವರು ಓಡಿಸುವ ಬಸ್ಸಿನಲ್ಲಿ ನಾನು ಕೂತದ್ದೇ ಕಡಿಮೆ. ಒಂದೇ ಸಾಲು, ಅದೇ ತಪ್ಪು ರಾಗ. ಓದಲು ಆಗಲಿಲ್ಲ. ಕಮಲನಗರದ ಹತ್ತಿರ ಗುನುಗುವುದು ನಿಂತಿತು. ಮೀಟರ್ ನೋಡಿದೆ, ಬೀದರಿನಿಂದ 61. ಆಮೇಲೆ ಓದಬಹುದಿತ್ತು, ಆದರೆ ಬಸ್ಸು ಜಗ್ಗಿ ಜಗ್ಗಿ ಹೋಗತೊಡಗಿತು. ಔರಾದದ ಒಳಗೆ ಎರಡು ಸಲ ಬ್ರೇಕು ಎಷ್ಟು ಜೋರಾಗಿ ಬಿತ್ತೆಂದರೆ ಪುಸ್ತಕಗಳು ಯಾಕೂಬನ ಪಟ್ಟಿಯನ್ನು ಹಾರಿ ಬಿದ್ದವು.

ಸಂತಪುರದಲ್ಲಿ ಕೇಶರಬಾಯಿಯ ಮನೆ ಹೊಲದ ಆಚೆ. ಬಸ್ಸನ್ನು ರಸ್ತೆಯಲ್ಲಿ ನಿಲ್ಲಿಸಿ ತೊಗರಿ ಕೊಯ್ದ ಹೊಲದ ನಡುವೆ ನಡೆದೆವು. ಅವಳು ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿದಳು. ನಂತರ ತಮ್ಮನ ಕಾಲು ನೋಡಿದಳು.

"ಏ ಉತ್ತಮ್ಯಾ, ಒಂದೇ ಚಪ್ಪಲಿ ಮ್ಯಾಲ ಬಂದೀಯಲ್ಲೋ! ಇನ್ನೊಂದು ಯಾರಿಗಿ ದಾನ ಮಾಡಿದಿ?"

ಬಲಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಇವರು ಕೆಳಗೆ ನೋಡಿ, "ಅರೆ!" ಎಂದರು. ಅದು ಬಸ್ಸಿನ ಮೆಟ್ಟಿಲಲ್ಲೇ ಬಿದ್ದಿತ್ತು. ಅಲ್ಲಿಂದ ಬಾಗಿಲಿಗೆ ನೂರ ನಲವತ್ತು ಹೆಜ್ಜೆ, ವಾಪಸು ಹೋಗುವಾಗ ಎಣಿಸಿದೆ. ಎಲ್ಲರೂ ನಕ್ಕೆವು. ಇವರು ಎಲ್ಲರಿಗಿಂತ ಜೋರಾಗಿ ನಕ್ಕರು. "ವಿಶಾಖಾ ಗಂಟಿ ಹೊಡೀಲಿಲ್ಲ, ಅದಕ್ಕ ಚಪ್ಪಲಿ ಇಳೀತು" ಎಂದರು. ಮತ್ತೆ ನಕ್ಕೆವು.

ಕೇಶರಬಾಯಿ ಮೊದಲು ನಿಲ್ಲಿಸಿದಳು. ತಮ್ಮನನ್ನು ಕಟ್ಟೆಯ ಮೇಲೆ ಕೂರಿಸಿ ಅಂಗಾಲು ತಿರುಗಿಸಿದಳು. ತೊಗರಿಯ ಕೂಳೆ ಒಂದು ಅಂಗುಲ ಒಳಗೆ ಹೋಗಿತ್ತು. ಅವಳು ಅದನ್ನು ಕಿತ್ತು, ಅರಿಶಿನ ಒತ್ತಿದಳು. ಇವರು ಆ ಹೊತ್ತಿನಲ್ಲಿ ಯವತಮಾಳಿನ ರಸ್ತೆಯ ಬಗ್ಗೆ ಮಾತಾಡುತ್ತಿದ್ದರು. ಮಾತು ಎಲ್ಲೂ ತಡವರಿಸಲಿಲ್ಲ.

ಅಜಾಗರೂಕತೆಗೂ ಒಂದು ಮಿತಿ ಇರಬೇಕು.

2 ಫೆಬ್ರವರಿ, ಸೋಮವಾರ

ಮಧ್ಯಾಹ್ನ ಇವರು ಮಲಗಿದ್ದಾಗ ಪುಸ್ತಕದ ಗುರುತು ಪಟ್ಟಿಯ ಅಂಚಿನಿಂದ ಬಲಗಾಲಿನ ಅಂಗಾಲನ್ನು ಮುಟ್ಟಿದೆ. ಕಾಲು ಅಲುಗಲಿಲ್ಲ. ಪೆನ್ನಿನ ತುದಿಯಿಂದ ಒತ್ತಿದೆ. ಅಲುಗಲಿಲ್ಲ. ಹಿಮ್ಮಡಿ ಒತ್ತಿದರೂ ಇಲ್ಲ. ಪಾದದ ಕೀಲಿನ ಹರಡು ಒತ್ತಿದರೂ ಇಲ್ಲ. ಹರಡಿನಿಂದ ನಾಲ್ಕು ಬೆರಳು ಮೇಲೆ ಕಾಲು ಸರಿಯಿತು. ಎಡಗಾಲಿನಲ್ಲಿ ಹರಡಿನ ಹತ್ತಿರವೇ ಸರಿಯಿತು.

ಗಾಢ ನಿದ್ದೆ ಇರಬಹುದು.

4 ಫೆಬ್ರವರಿ, ಬುಧವಾರ

ದಿನಕ್ಕೆ ಅರವತ್ತು ಎಂದು ಹೇಳಿದೆ. ಕಾರಣಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ, ಮೀಟರಿನ 61 ಒಂದನ್ನು ಬಿಟ್ಟು. ಕೇಶರಬಾಯಿಗೆ ವಯಸ್ಸಾಗಿದೆ. ಹಳೆಯ ಇಂಜಿನ್. ಇಪ್ಪತ್ತು ನಿಮಿಷದಲ್ಲಿ ಬೇಳೆ ಬೇಯುವುದಿಲ್ಲ. ಅರವತ್ತರ ಲೆಕ್ಕದಲ್ಲಿ ಬುದ್ಧಗಯೆಗೆ ಇಪ್ಪತ್ನಾಲ್ಕು ದಿನ. ಮೊದಲ ದಿನ ಕಮಲನಗರ. ಅಂದರೆ ಜಿಲ್ಲೆಯನ್ನೇ ದಾಟುವುದಿಲ್ಲ. ಇದಕ್ಕೆ ಇವರು ಕೂಗಾಡುತ್ತಾರೆ, ಡಿಪೋದ ಮರ್ಯಾದೆಯ ಮಾತು ತೆಗೆಯುತ್ತಾರೆ, ಎತ್ತಿನ ಗಾಡಿ ಎನ್ನುತ್ತಾರೆ ಎಂದು ಎಲ್ಲದಕ್ಕೂ ಉತ್ತರ ಸಿದ್ಧವಿತ್ತು.

ಇವರು ಪಟ್ಟಿಯನ್ನು ಮಡಿಚಿ ಕಿಸೆಗೆ ಹಾಕಿಕೊಂಡರು.

"ಆಯ್ತು."

"ಏನು ಆಯ್ತು?"

"ಅರವತ್ತಂದ್ರ ಅರವತ್ತು. ನೀ ಹೇಳ್ದಂಗ."

ಕಾರಣಗಳ ಕಾಗದ ಕೈಯಲ್ಲೇ ಉಳಿಯಿತು.

5 ಫೆಬ್ರವರಿ

ಇವರು ಅಷ್ಟು ಬೇಗ ಒಪ್ಪಬಾರದಿತ್ತು.

14 ಫೆಬ್ರವರಿ, ಶನಿವಾರ

ಪ್ರಯಾಣಕ್ಕೆ ತೊಗರಿ ಬೇಳೆ, ಜೋಳ ಕೊಳ್ಳಲು ಗಾಂಧಿ ಗಂಜ್ ಮಾರುಕಟ್ಟೆಗೆ ಬಸ್ಸನ್ನೇ ತೆಗೆದುಕೊಂಡು ಹೋಗಬೇಕೆಂದು ಹಟ. ಆಟೋದಲ್ಲಿ ಹೋಗಬಹುದಾದ ಜಾಗ. ಬೆಳಿಗ್ಗೆ ಹತ್ತು ಗಂಟೆ. ಲಾರಿಗಳು, ಚೀಲ ಹೊತ್ತ ಹಮಾಲರು, ಕೈಗಾಡಿಗಳು. ಮನೆಯಿಂದ ಆರು ಕಿಲೋಮೀಟರ್ ಕೂಡ ಆಗಿರಲಿಲ್ಲ. ಇದನ್ನು ಬರೆದಿಡುತ್ತೇನೆ, ಆರು.

ನಾನು ಮುಂದೆ, ಇಂಜಿನ್ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಇಬ್ಬರು ಹಮಾಲರು ಹನ್ನೆರಡು ಚೀಲದ ಕೈಗಾಡಿಯನ್ನು ರಸ್ತೆಗೆ ಅಡ್ಡ ತಂದರು. ಇವರು ಬ್ರೇಕು ಒತ್ತಬೇಕಿತ್ತು. ಒತ್ತಿದರು ಎಂದೇ ಇವರಿಗೆ ಅನಿಸಿತ್ತು. ಬಸ್ಸು ನಿಲ್ಲುವ ಬದಲು ಮುಂದೆ ನುಗ್ಗಿತು. ಆಗ ಇವರು ತಲೆ ತಗ್ಗಿಸಿದರು. ರಸ್ತೆಯಿಂದ ಕಣ್ಣು ತೆಗೆದು, ತಮ್ಮ ಬಲಗಾಲು ಎಲ್ಲಿದೆ ಎಂದು ನೋಡಿದರು.

ಹಗ್ಗವನ್ನು ನಾನು ಯಾವಾಗ ಹಿಡಿದೆನೋ ಗೊತ್ತಿಲ್ಲ. ಒಂದು ಸಲ ಎಳೆದೆ. ಗಂಟೆ ಬಿದ್ದದ್ದೇ ತಡ, ಇವರ ಎಡಗೈ ತಾನಾಗಿ ಹ್ಯಾಂಡ್ ಬ್ರೇಕಿಗೆ ಹೋಯಿತು, ಎರಡೂ ಕಾಲು ಮೇಲೆದ್ದವು. ಬಸ್ಸು ಉಬ್ಬಸ ಬಂದಂತೆ ಮುಗ್ಗರಿಸಿ ನಿಂತಿತು. ಕೈಗಾಡಿಗೂ ನಮಗೂ ನಡುವೆ ಒಂದು ಗೇಣು.

ಮುಂದಿನ ಹಮಾಲ ಮುಖ ಒರೆಸಿಕೊಂಡ. "ಡ್ರೈವರ್ ಸಾಬ್, ತಲಿ ತಗ್ಗಿಸಿ ಯಾರಿಗಿ ಸಲಾಮ್ ಹೊಡಿಲಕತ್ತಿದ್ರಿ? ನಾ ಇಲ್ಲಿ ಮ್ಯಾಲ ನಿಂತೀನಿ!"

ಸುತ್ತಲಿನವರು ನಕ್ಕರು. ಇವರೂ ಕೈ ಎತ್ತಿ ನಕ್ಕರು. ಆಮೇಲೆ ನನಗೆ ಮಾತ್ರ ಕೇಳುವಂತೆ, "ಗಂಟಿ ಚಲೋ ಹೊಡದಿ" ಎಂದರು. ಹಣೆಯ ಮೇಲೆ ಬೆವರು. ಫೆಬ್ರವರಿಯ ಬೆಳಿಗ್ಗೆ.

ಬೇಳೆ ಕೊಂಡೆವು. ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ರಸ್ತೆ ನೋಡಲಿಲ್ಲ. ಇವರ ತಲೆ ನೋಡುತ್ತಿದ್ದೆ. ಒಂಬತ್ತು ಸಲ ತಗ್ಗಿತು.

18 ಫೆಬ್ರವರಿ, ಬುಧವಾರ

ಪ್ರಯಾಣದ ಕಾಗದಪತ್ರಗಳನ್ನು ಜೋಡಿಸುವ ಕೆಲಸ ನನ್ನದು. ವಿಮೆ ಇದೆ, ಬಸ್ಸಿನ ನೋಂದಣಿ ಇದೆ. ಲೈಸೆನ್ಸಿನ ಕವರಿನಲ್ಲಿ, ಲೈಸೆನ್ಸಿನ ಹಿಂದೆ, ನಾಲ್ಕು ಮಡಿಕೆ ಮಾಡಿದ ಒಂದು ವೈದ್ಯರ ಚೀಟಿ ಇತ್ತು. ಹಿಂದಿನ ಆಗಸ್ಟಿನದು. 'ಎರಡೂ ಪಾದಗಳಲ್ಲಿ ಸ್ಪರ್ಶಜ್ಞಾನ ನಷ್ಟ, ಬಲಕ್ಕೆ ಹೆಚ್ಚು. ಬರಿಗಾಲಿನಲ್ಲಿ ನಡೆಯಬಾರದು. ವಾಹನ ಚಲಾಯಿಸಬಾರದು.' ಕೊನೆಯ ವಾಕ್ಯದ ಕೆಳಗೆ ವೈದ್ಯರೇ ಗೆರೆ ಎಳೆದಿದ್ದಾರೆ.

ಚೀಟಿ ಆಗಸ್ಟಿನದು. ಬಸ್ಸು ಜನವರಿಯದು.

ಮೊದಲು ಬಂದದ್ದು ಸಿಟ್ಟು. ಆಮೇಲೆ ಲೆಕ್ಕ ಹಾಕಿದೆ. ವೈದ್ಯರು ಬೇಡ ಎಂದ ಐದು ತಿಂಗಳಿಗೆ ಒಬ್ಬ ಮನುಷ್ಯ ಬಸ್ಸು ಕೊಳ್ಳುತ್ತಾನೆ. ಕಾದಂಬರಿಯಲ್ಲಿ ಇದನ್ನು ಓದಿದ್ದರೆ ಲೇಖಕನ ಮೇಲೆ ನನಗೆ ಸ್ವಲ್ಪ ಗೌರವ ಬರುತ್ತಿತ್ತು. ನಮ್ಮದೇ ಮನೆಯಲ್ಲಿ ಹೀಗಾದರೆ ಅದು ಮೂರ್ಖತನ. ಹನ್ನೆರಡು ಚೀಲದ ಮುಂದೆ ಇದ್ದ ಆ ಹಮಾಲನಿಗೆ ಏನೆಂದು ಹೇಳುತ್ತಿದ್ದರು? ಇನ್ನೊಂದು ರಸ್ತೆ ನೋಡಬೇಕೆನಿಸಿತ್ತು ಎಂದೇ?

ಅರವತ್ತಕ್ಕೆ ಯಾಕೆ ಅಷ್ಟು ಬೇಗ ಒಪ್ಪಿದರೆಂದು ಈಗ ತಿಳಿಯಿತು. ಅರವತ್ತಲ್ಲ, ಹತ್ತು ಎಂದಿದ್ದರೂ ಒಪ್ಪುತ್ತಿದ್ದರು. ಸೊನ್ನೆ ಎನ್ನುವುದೊಂದೇ ಇವರಿಗೆ ಬೇಕಿರಲಿಲ್ಲ.

ಚೀಟಿಯನ್ನು ಅದೇ ನಾಲ್ಕು ಮಡಿಕೆಯಲ್ಲಿ ಅಲ್ಲೇ ಇಟ್ಟೆ. ರಾತ್ರಿ ಊಟಕ್ಕೆ ಕೂತಾಗ, "ಡಾಕ್ಟರ್ ಹತ್ರ ಒಂದ್ಸಲ ಹೋಗಿ ಬರೋಣೇನು?" ಎಂದೆ.

"ಬಂದ ಮ್ಯಾಲ ಹೋಗೋಣ" ಎಂದು ರೊಟ್ಟಿ ಮುರಿದರು.

21 ಫೆಬ್ರವರಿ, ಶನಿವಾರ. ಸಂಜೆ

ಎಲ್ಲ ಸಿದ್ಧವಾಗಿದೆ. ಬೇಳೆ, ಜೋಳ, ನೀರು, ಹಾಸಿಗೆ. ನನ್ನ ಹಲಗೆಯ ಮೇಲೆ ಒಂಬತ್ತು ಪುಸ್ತಕ. ಇವರು ಬೆಳಿಗ್ಗೆಯಿಂದ ಬಸ್ಸನ್ನು ತೊಳೆದು ಒರೆಸಿ, ಮುಂದೆ ಬುದ್ಧನ ಚಿತ್ರ ಇಟ್ಟಿದ್ದಾರೆ. ಹಿಂದೆ 'ನಿಧಾನ, ಮಕ್ಕಳಿದ್ದಾರೆ' ಎಂಬುದಕ್ಕೆ ಯಾಕೂಬ ಎರಡು ಸಲ ಬಣ್ಣ ಹೊಡೆದರೂ ಇನ್ನೂ ಕಾಣುತ್ತದೆ. ಅಳಿಸುವುದು ಬೇಡವೆಂದು ನಾನೇ ಹೇಳಿದೆ.

ಕೇಶರಬಾಯಿ ನಿನ್ನೆಯೇ ಬಂದಿದ್ದಾಳೆ, ಒಂದು ಕೈಚೀಲ ಹಿಡಿದು. ಮಧ್ಯಾಹ್ನ ತಮ್ಮನ ಕಾಲಿಗೆ ಎಣ್ಣೆ ಹಚ್ಚಿದಳು. ಆಮೇಲೆ ಅಡುಗೆಮನೆಗೆ ಬಂದು ನನ್ನ ಪಕ್ಕದಲ್ಲಿ ನಿಂತಳು.

"ಕಾಲು ಕಟ್ಟಿಗಿ ಆಗ್ಯಾವ" ಎಂದಳು.

"ಗೊತ್ತದ."

"ಗೊತ್ತಿದ್ದೂ ಹೊರಟೀರಿ?"

ನಾನು ಒಲೆಯ ಉರಿ ತಗ್ಗಿಸಿದೆ.

"ನನ್ನ ಸಲುವಾಗಿ ಹೊರಟಿದ್ರ ಬ್ಯಾಡ. ಗಿಡ ಅಲ್ಲೇ ಇರ್ತದ, ಓಡಿ ಹೋಗಲ್ಲ. ಹೇಳು ಅವಗ."

"ಹೇಳಿದ್ರ ಕೇಳಲ್ಲ."

"ಅದೂ ಖರೇ. ನಮ್ಮಪ್ಪ ಹೇಳಿದ್ದೂ ಕೇಳಲಿಲ್ಲ, ಮಾಸ್ತರ ಹೇಳಿದ್ದೂ ಕೇಳಲಿಲ್ಲ. ಅಂವ ಜಲ್ಮದಾಗ ಯಾರ ಮಾತು ಕೇಳ್ಯಾನ?" ಎಂದು ಎಣ್ಣೆಯ ಕೈಯನ್ನು ತನ್ನ ಮೊಣಕೈಗೇ ತಿಕ್ಕಿಕೊಂಡಳು.

ಯಾರ ಮಾತು ಎಂಬುದು ನನಗೆ ಗೊತ್ತು. ಆ ಹಗ್ಗ ಎಳೆದವರ ಮಾತು.

ಸಂಜೆ ಇವರು ಹೊಸ ಪಟ್ಟಿ ತಂದು ಕೊಟ್ಟರು. ಇಪ್ಪತ್ನಾಲ್ಕು ದಿನ, ಇಪ್ಪತ್ನಾಲ್ಕು ಸಾಲು, ಪ್ರತಿ ಸಾಲಿನಲ್ಲೂ 60. ಕೈಬರಹ ಹಿಂದಿನದಕ್ಕಿಂತ ಚೆನ್ನಾಗಿದೆ, ಗೆರೆಗಳು ನೇರವಾಗಿವೆ. ಕಂಡಕ್ಟರ್ ಅಂಕಣದಲ್ಲಿ ಇಪ್ಪತ್ನಾಲ್ಕು ಸಲವೂ ನನ್ನ ಹೆಸರಿದೆ. 'ಸದರಿ' ಎಂದು ಹಾಕಿ ಮುಗಿಸಬಹುದಿತ್ತು. ಹಾಕಿಲ್ಲ. ಕುಳಿತು ಅಷ್ಟೂ ಸಲ ಬರೆದಿದ್ದಾರೆ.

"ತಪ್ಪಿದ್ರ ತಿದ್ದು" ಎಂದರು. ತಪ್ಪಿಲ್ಲ ಎಂದೆ.

ರೈಲಿನಲ್ಲಿ ಹೋಗಬಹುದು. ಕೇಶರಬಾಯಿಯನ್ನು ನಾನು ಒಪ್ಪಿಸಬಲ್ಲೆ, ಇವರನ್ನು ಒಪ್ಪಿಸಲು ಒಂದು ವರ್ಷ ಬೇಕು. ಒಂದು ವರ್ಷ ತೆಗೆದುಕೊಳ್ಳಲಿ. ಅಲ್ಲಿಯವರೆಗೆ ಈ ಬಸ್ಸು ಅಂಗಳದಲ್ಲಿ ನಿಲ್ಲಲಿ. ಓದಲು ಬೆಳಕು ಮನೆಗಿಂತ ಅಲ್ಲೇ ಚೆನ್ನಾಗಿದೆ.

ಪಕ್ಕದ ವಹೀದಾಳಿಗೆ ಹೇಳಿ ಬಂದಿದ್ದೇನೆ, ನಾಳೆ ಎಷ್ಟೇ ಹೊಗೆ ಬಂದರೂ ಬಸ್ಸು ಹತ್ತಬಾರದು ಎಂದು. ಅವಳು ಯಾಕೆಂದು ಕೇಳಲಿಲ್ಲ. ಲೈಸೆನ್ಸಿನ ಕವರು ನನ್ನ ಚೀಲದಲ್ಲಿದೆ, ಚೀಟಿ ಮೇಲೆಯೇ ಇದೆ.

ನಾಳೆ ಬೆಳಿಗ್ಗೆ ಆರೂವರೆಗೆ ಇವರು ಇಂಜಿನ್ ಶುರು ಮಾಡಿ, ಚಕ್ರ ಹಿಡಿದು, ನೆಟ್ಟಗೆ ಮುಂದೆ ನೋಡುತ್ತ ಕೂರುತ್ತಾರೆ. ಹಗ್ಗ ನನ್ನ ಕೈಯಲ್ಲಿರುತ್ತದೆ. ಒಂದೇ ಸಲ ಎಳೆಯುತ್ತೇನೆ.

ಆಮೇಲೆ ಆ ಒಲೆ ಹಚ್ಚಿ ಮೂವರಿಗೂ ಚಹಾ ಮಾಡುತ್ತೇನೆ.